ಒಂದು ಅಂಕದ ಅಂತರ

ಗೆದ್ದವನು ನಗುವನು, ಸೋತವನು ಅಳುವನು ಎಂಬುದು ಲೋಕರೂಢಿ. ಆದರೆ ಗೆದ್ದ ದಿನವೇ ಕಣ್ಣೀರು ಸುರಿಸಬೇಕಾದ ಪ್ರಸಂಗವೂ ಉಂಟು. ಜರ್ಮನಿಯ ಉತ್ತರಭಾಗದಲ್ಲಿ, ಎಲ್ಬೆ ನದಿಯ ದಡದಲ್ಲಿರುವ ಹಾಂಬುರ್ಗ್ ಎಂಬ ರೇವುಪಟ್ಟಣದ ಕಾಲ್ಚೆಂಡಿನ ಸಂಘಕ್ಕೆ ಈ ದೆಸೆಯು ಐದು ವರ್ಷಗಳ ಅಂತರದಲ್ಲಿ ಎರಡು ಬಾರಿ ಒದಗಿತು. ಹುಡುಗರ ಆಟದ ವೃತ್ತಾಂತವೆಂದು ಇದನ್ನು ತಳ್ಳಿಬಿಡುವುದು ಸುಲಭ; ಆದರೆ ಫಲವನ್ನು ಕುರಿತು ಮನುಷ್ಯನು ಮಾಡಿಕೊಳ್ಳುವ ಎಣಿಕೆಗಳೆಲ್ಲವೂ ಈ ವೃತ್ತಾಂತದೊಳಗೆ ಅಡಗಿವೆ.

ಜರ್ಮನರ ದೇಶದಲ್ಲಿ ಬುಂಡೆಸ್‌ಲೀಗ ಎಂಬ ಪ್ರಥಮ ಶ್ರೇಣಿಯ ಪಂದ್ಯಾವಳಿಯು 1963ನೆಯ ಇಸವಿ ಆಗಸ್ಟ್ 24ರಂದು 16 ಸಂಘಗಳೊಡನೆ ಆರಂಭವಾಯಿತು. ಅವುಗಳಲ್ಲಿ ಒಂದು ವರ್ಷವೂ ಕೆಳಕ್ಕೆ ಇಳಿಯದೆ ಉಳಿದದ್ದು ಹಾಂಬುರ್ಗಿನ ಸಂಘವೊಂದೇ. 1983ರಲ್ಲಿ ಅಥೆನ್ಸ್ ನಗರದಲ್ಲಿ ಇಟಲಿಯ ಯುವೆಂಟಸ್ ತಂಡವನ್ನು ಸೋಲಿಸಿ ಯೂರೋಪ್ ಖಂಡದ ಚಾಂಪಿಯನ್ನರ ಕಪ್ಪನ್ನು ತಂದ ಸಂಘವಿದು. ಈ ಹಿರಿಮೆಯನ್ನು ಲೋಕಕ್ಕೆ ಸಾರುವುದಕ್ಕಾಗಿ 2001ರಲ್ಲಿ ತಮ್ಮ ಕ್ರೀಡಾಂಗಣದಲ್ಲಿ ಒಂದು ಗಡಿಯಾರವನ್ನು ನಿಲ್ಲಿಸಿದರು. ಪ್ರಥಮ ಶ್ರೇಣಿಯಲ್ಲಿ ಕಳೆದ ವರ್ಷ, ದಿನ, ಗಂಟೆ, ನಿಮಿಷ, ಕ್ಷಣಗಳನ್ನು ಅದು ಎಣಿಸುತ್ತ ಹೋಯಿತು. ಕಾಲವನ್ನು ತನ್ನ ಸ್ವತ್ತೆಂದು ಎಣಿಸಿದವನನ್ನು ಕಾಲವು ಸುಮ್ಮನೆ ಬಿಟ್ಟ ಉದಾಹರಣೆ ಪುರಾಣದಲ್ಲಿಯೂ ಇಲ್ಲ, ಚರಿತ್ರೆಯಲ್ಲಿಯೂ ಇಲ್ಲ.

2018ನೆಯ ಇಸವಿ ಮೇ 12ರಂದು, ಋತುವಿನ ಕಡೆಯ ದಿನ, ಹಾಂಬುರ್ಗಿನವರು ತಮ್ಮ ಪಂದ್ಯವನ್ನು ಎರಡು ಗೋಲುಗಳಿಗೆ ಒಂದರಂತೆ ಗೆದ್ದರು. ಆದರೆ ಅದೇ ಹೊತ್ತಿನಲ್ಲಿ ವೋಲ್ಫ್ಸ್‌ಬುರ್ಗಿನ ತಂಡವೂ ತನ್ನ ಅಂಗಳದಲ್ಲಿ ಗೆದ್ದುದರಿಂದ ಆ ಗೆಲುವು ವ್ಯರ್ಥವಾಯಿತು. 54 ವರ್ಷ 261 ದಿನಗಳನ್ನು ಎಣಿಸಿದ್ದ ಸಂಘವು ದ್ವಿತೀಯ ಶ್ರೇಣಿಗೆ ಇಳಿಯಿತು. ಇದು ಮೊದಲನೆಯ ಕಣ್ಣೀರು.

ದ್ವಿತೀಯ ಶ್ರೇಣಿಯ ಕಟ್ಟಳೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳತಕ್ಕದ್ದು. ಸಂಘಗಳು 18, ಪ್ರತಿಯೊಂದಕ್ಕೂ 34 ಪಂದ್ಯಗಳು, ಗೆಲುವಿಗೆ ಮೂರು ಅಂಕ, ಸಮವಾದರೆ ಒಂದು. ಮೊದಲ ಇಬ್ಬರು ನೇರವಾಗಿ ಮೇಲೇರುವರು. ಮೂರನೆಯವನು ಮಾತ್ರ ತ್ರಿಶಂಕು. ಪ್ರಥಮ ಶ್ರೇಣಿಯ 16ನೆಯ ಸ್ಥಾನದವನೊಡನೆ ಅವನು ಇನ್ನೆರಡು ಪಂದ್ಯಗಳನ್ನು ಆಡಿ ತನ್ನ ಗತಿಯನ್ನು ನಿರ್ಣಯಿಸಿಕೊಳ್ಳಬೇಕು. ಹಾಂಬುರ್ಗಿನವರು ಮೊದಲ ಮೂರು ವರ್ಷ ನಾಲ್ಕನೆಯವರಾದರು. 2022ರಲ್ಲಿ ಮೂರನೆಯವರಾಗಿ ಬರ್ಲಿನ್ನಿನ ಹೆರ್ಥಾ ತಂಡಕ್ಕೆ ಸೋತರು.

ಮರುವರ್ಷದ ಋತುವು ಆರಂಭವಾದ ಕೆಲವೇ ದಿನಗಳಲ್ಲಿ, 2022ರ ಜುಲೈ 21ರಂದು, ಊವೆ ಸೇಲರ್ ಕಾಲವಾದರು. ಬುಂಡೆಸ್‌ಲೀಗದ ಮೊದಲ ವರ್ಷದಲ್ಲಿಯೇ 30 ಗೋಲುಗಳನ್ನು ಹೊಡೆದು ಎಲ್ಲರಿಗಿಂತ ಮುಂದಾದವರು ಇವರು. 1961ರಲ್ಲಿ ಇಟಲಿಯ ಶ್ರೀಮಂತ ಸಂಘವೊಂದು ಹೇರಳವಾದ ಹಣವನ್ನು ಒಡ್ಡಿ ಕರೆದಾಗ, ಹುಟ್ಟೂರನ್ನು ಬಿಟ್ಟು ಬರಲಾರೆನೆಂದು ನಿರಾಕರಿಸಿದ ಸತ್ಪುರುಷರು. ಅವರ ಸ್ಮರಣೆಯ ಭಾರವನ್ನು ಹೊತ್ತುಕೊಂಡೇ ತಂಡವು ಆ ವರ್ಷವೆಲ್ಲ ಆಡಿತು.

2023ರ ಮೇ 28, ಕಡೆಯ ದಿನ. ಹಾಂಬುರ್ಗಿನವರಿಗೆ ದಕ್ಷಿಣದ ಸಾಂಡ್‌ಹೌಸನ್ ಎಂಬ ಸಣ್ಣ ಊರಿನಲ್ಲಿ ಪಂದ್ಯ; ಪ್ರತಿಸ್ಪರ್ಧಿಗಳಾದ ಹೈಡನ್‌ಹೈಮಿನವರಿಗೆ ಡ್ಯಾನ್ಯೂಬ್ ತೀರದ ರೇಗನ್ಸ್‌ಬುರ್ಗಿನಲ್ಲಿ ಪಂದ್ಯ. ಹಾಂಬುರ್ಗಿನವರು ಒಂದು ಗೋಲಿನಿಂದ ಗೆದ್ದರು. ಅತ್ತ ಹೈಡನ್‌ಹೈಮಿನವರು 90 ನಿಮಿಷಗಳು ಮುಗಿದರೂ ಹಿಂದೆಯೇ ಇದ್ದರು. ಇನ್ನೇನು, ಆರೋಹಣವಾಯಿತೆಂದು ಜನರು ಅಂಗಳಕ್ಕೆ ನುಗ್ಗಿದರು; ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಪ್ರಥಮ ಶ್ರೇಣಿಗೆ ಏರಿದ್ದಕ್ಕೆ ಅಭಿನಂದನೆಗಳೆಂದು ಧ್ವನಿವರ್ಧಕವೂ ಸಾರಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದಂತಾಯಿತು. ಏಕೆಂದರೆ ರೇಗನ್ಸ್‌ಬುರ್ಗಿನಲ್ಲಿ ಆಟವು ಇನ್ನೂ ನಿಂತಿರಲಿಲ್ಲ. ನಷ್ಟವಾದ ಹೊತ್ತಿಗೆ ಪ್ರತಿಯಾಗಿ ಕೂಡಿಸಿಕೊಟ್ಟ ಸಮಯದಲ್ಲಿ, 93ನೆಯ ನಿಮಿಷಕ್ಕೆ ಒಂದು ಪೆನಾಲ್ಟಿಯಿಂದ ಎರಡೆರಡು ಸಮವಾಯಿತು. ಆಗಲೂ ಹಾಂಬುರ್ಗಿನವರೇ ಮುಂದಿದ್ದರು. 99ನೆಯ ನಿಮಿಷಕ್ಕೆ ಕ್ಲೈನ್‌ಡೀನ್‌ಸ್ಟ್ ಎಂಬಾತನು ಹೈಡನ್‌ಹೈಮಿಗೆ ಮೂರನೆಯ ಗೋಲನ್ನು ಗಳಿಸಿಕೊಟ್ಟನು. ಸಾಂಡ್‌ಹೌಸನ್ನಿನ ಹುಲ್ಲಿನ ಮೇಲೆ ಕುಣಿಯುತ್ತಿದ್ದವರಿಗೆ ಸುದ್ದಿಯು ಕೈಯಲ್ಲಿದ್ದ ದೂರವಾಣಿಗಳ ಮೂಲಕ ಮುಟ್ಟಿತು. ಕುಣಿಯುತ್ತಿದ್ದ ಕಾಲುಗಳು ನಿಂತವು. ಇದು ಎರಡನೆಯ ಕಣ್ಣೀರು.

ಮತ್ತೆ ತ್ರಿಶಂಕುವಿನ ಪಾಡು. ಜೂನ್ 1ರಂದು ಸ್ಟುಟ್‌ಗಾರ್ಟಿನಲ್ಲಿ ಮೂರು ಗೋಲುಗಳ ಸೋಲು. 5ರಂದು ತಮ್ಮ ಊರಿನಲ್ಲಿಯೇ ಮೊದಲ ಗೋಲನ್ನು ಹೊಡೆದರೂ ಕೊನೆಗೆ ಒಂದಕ್ಕೆ ಮೂರರ ಸೋಲು.

ಇದೆಲ್ಲ ವಿಧಿಯ ಆಟವೆಂದು ಅನೇಕರು ನಿಟ್ಟುಸಿರು ಬಿಟ್ಟರು. ತಮ್ಮ ಕೆಲಸವನ್ನು ತಾವು ಮಾಡಿಯೂ ಫಲವು ಅನ್ಯರ ಅಂಗಳದಲ್ಲಿ ನಿರ್ಣಯವಾದುದನ್ನು ಎರಡು ಬಾರಿ ಕಂಡವರು ಹಾಗೆ ಎನ್ನುವುದು ಸಹಜ. ಆದರೆ ಅಂಕಪಟ್ಟಿಯು ಬೇರೆ ಮಾತನ್ನು ಹೇಳುತ್ತದೆ. ಆ ವರ್ಷ ಹಾಂಬುರ್ಗಿನವರು ಗೆದ್ದ ಪಂದ್ಯಗಳು 20. ಅಗ್ರಸ್ಥಾನವನ್ನು ಪಡೆದ ಹೈಡನ್‌ಹೈಮಿನವರು ಗೆದ್ದವು 19. ಗೆಲುವಿನಲ್ಲಿ ಸೋತವರೇ ಒಂದು ಕೈ ಮೇಲು! ಆದರೆ ಹೈಡನ್‌ಹೈಮಿನವರು ಸೋತದ್ದು 5 ಸಲ, ಹಾಂಬುರ್ಗಿನವರು 8 ಸಲ. ಗೆಲ್ಲಲಾಗದ ದಿನ ಸೋಲದೆ ಉಳಿದು, ಹತ್ತು ಬಾರಿ ಒಂದೊಂದು ಅಂಕವನ್ನು ಕೂಡಿಹಾಕಿದವರು 67 ಅಂಕಗಳನ್ನು ಮುಟ್ಟಿದರು. ಹಾಂಬುರ್ಗಿನವರು 66ರಲ್ಲಿ ನಿಂತರು. ಹನಿಗೂಡಿದರೆ ಹಳ್ಳವೆಂಬುದನ್ನು ಎಲ್ಲರೂ ಬಲ್ಲರು. ಹನಿ ಬೀಳುವಾಗ ಪಾತ್ರೆಯನ್ನು ಒಡ್ಡುವವರು ವಿರಳ. 99ನೆಯ ನಿಮಿಷವು ಹೊಸದಾಗಿ ಏನನ್ನೂ ಬರೆಯಲಿಲ್ಲ; ಹತ್ತು ತಿಂಗಳ ಲೆಕ್ಕವನ್ನು ಗಟ್ಟಿಯಾಗಿ ಓದಿತು, ಅಷ್ಟೆ. ವಿಧಿಯೆಂದು ಮನುಷ್ಯನು ದೂರುವುದು ಎಷ್ಟೋ ವೇಳೆ ತಾನೇ ಮರೆತ ಒಂದು ಸಾಮಾನ್ಯ ದಿನವನ್ನು.

ಆದರೂ ಈ ಕಥೆಯಲ್ಲಿ ಮನಸ್ಸನ್ನು ಸೆಳೆಯುವವರು ಆಟಗಾರರಲ್ಲ, ಜನರು. ಪದವಿಯು ಹೋದ ಮನೆಗೆ ಬಂಧುಗಳು ಬರುವುದನ್ನು ನಿಲ್ಲಿಸುವರೆಂದು ಲೋಕಾನುಭವ. ಹಾಂಬುರ್ಗಿನಲ್ಲಿ ಹಾಗಾಗಲಿಲ್ಲ. ಸುಮಾರು 57,000 ಜನರು ಹಿಡಿಸುವ ಆ ಕ್ರೀಡಾಂಗಣಕ್ಕೆ, ದ್ವಿತೀಯ ಶ್ರೇಣಿಯ ಆ ವರ್ಷದಲ್ಲಿಯೂ ಪಂದ್ಯವೊಂದಕ್ಕೆ ಸರಾಸರಿ ಐವತ್ತು ಸಾವಿರಕ್ಕೂ ಮಿಕ್ಕಿ ಜನರು ಬಂದರು. ಮರುವರ್ಷ ತಂಡವು ಪುನಃ ನಾಲ್ಕನೆಯದಾಯಿತು; ಆಗಲೂ ಬಂದರು. ಕಡೆಗೆ 2025ರ ಮೇ 10ರಂದು, ಇನ್ನೂ ಒಂದು ಪಂದ್ಯವು ಉಳಿದಿರುವಾಗಲೇ, ಉಲ್ಮ್ ತಂಡವನ್ನು ಒಂದಕ್ಕೆ ಆರರಂತೆ ಸೋಲಿಸಿ, ಏಳು ವರ್ಷಗಳ ಅಜ್ಞಾತವಾಸವನ್ನು ಮುಗಿಸಿ, ಸಂಘವು ಪ್ರಥಮ ಶ್ರೇಣಿಗೆ ಮರಳಿತು.

ಆ ಹಳೆಯ ಗಡಿಯಾರವು ಅಷ್ಟರಲ್ಲಿ ಅಲ್ಲಿರಲಿಲ್ಲ. 2019ರಲ್ಲಿಯೇ ಅದನ್ನು ತೆಗೆಯಿಸಿ, ಅದರ ಎಡೆಯಲ್ಲಿ ಕ್ರೀಡಾಂಗಣದ ಅಕ್ಷಾಂಶ ರೇಖಾಂಶಗಳನ್ನು ಬರೆಯಿಸಿದ್ದರು. ಎಷ್ಟು ಕಾಲ ಮೇಲಿದ್ದೆವೆಂಬ ಎಣಿಕೆಯು ಹೋಗಿ, ಎಲ್ಲಿ ನಿಂತಿದ್ದೇವೆಂಬ ಗುರುತು ಉಳಿಯಿತು. ಕಾಲವನ್ನು ನೆಚ್ಚಿದವನಿಗೆ ಕಡೆಯ ನಿಮಿಷದ ಭಯ ತಪ್ಪದು. ನಿಂತ ನೆಲವನ್ನು ಬಲ್ಲವನು ಬಿದ್ದ ಮರುದಿನವೂ ಅಲ್ಲಿಗೇ ಬರುವನು.