ಲಾಂಚ್ ನಿಂತ ರಾತ್ರಿ

ಜೂನ್ ಮೊದಲ ವಾರ. ಮುಂಗಾರು ಮಲೆನಾಡಿಗೆ ಆಗಷ್ಟೇ ಕಾಲಿಟ್ಟಿತ್ತು. ಶರಾವತಿ ಹಿನ್ನೀರಿನ ಸೇತುವೆ ಇನ್ನೂ ಮುಗಿದಿರಲಿಲ್ಲ. ಸಾಗರ, ಇಕ್ಕೇರಿ ನೋಡಿಕೊಂಡು, ಹೊಳೆಬಾಗಿಲಲ್ಲಿ ಕಾರನ್ನೇ ಲಾಂಚ್‌ಗೆ ಹತ್ತಿಸಿ ಸಿಗಂದೂರಿಗೆ ಹೋಗುವುದು, ಅಲ್ಲಿಂದ ನಾಗೋಡಿ ಘಾಟಿ ಇಳಿದು ಕೊಲ್ಲೂರು, ಕೊನೆಗೆ ಮರವಂತೆ ಎಂದು ನಾವಿಬ್ಬರೂ ಲೆಕ್ಕ ಹಾಕಿ ಬೆಂಗಳೂರು ಬಿಟ್ಟಿದ್ದೆವು. ಒಂದು ಮಗ್ಗುಲಿಗೆ ಸೌಪರ್ಣಿಕಾ ನದಿ, ಇನ್ನೊಂದು ಮಗ್ಗುಲಿಗೆ ಅರಬ್ಬೀ ಸಮುದ್ರ ಇರುವ ಆ ಹೆದ್ದಾರಿಯಲ್ಲಿ ಕಾರು ಓಡಿಸಬೇಕೆಂಬುದು ನಮ್ಮ ಯಜಮಾನರ ಬಹಳ ದಿನದ ಆಸೆ. ಅದು ಆ ಸಲ ಕೈಗೂಡಲಿಲ್ಲ.

ತಿಪಟೂರು ದಾಟಿ ಅರಸೀಕೆರೆ ಕಡೆ ಹೊರಟಿದ್ದೆವು. ಟೆಂಪರೇಚರ್ ಮುಳ್ಳು ಸರ್ರನೆ ಮೇಲೇರಿತು.

"ರೀ, ಬಾನೆಟ್ಟಿಂದ ಹೊಗೆ ಬರ್ತಿದೆ, ನಿಲ್ಲಿಸಿ."

"ಹೊಗೆ ಅಲ್ಲ ಕಣೇ, ಹಬೆ. ರೇಡಿಯೇಟರ್ ಪೈಪ್ ಬಿಟ್ಟಿರಬೇಕು."

ಪಕ್ಕದಲ್ಲೇ ತೆಂಗಿನ ತೋಟ, ತೋಟದೊಳಗೊಂದು ಮನೆ. ಕೊಡದಲ್ಲಿ ನೀರು ತಂದ ಅಜ್ಜಿ ಮೊದಲು ಹೇಳಿದ್ದು, "ಬಿಸಿ ಆರೋಗಂಟ ಮುಚ್ಳ ಮುಟ್ಬೇಡಿ ಕಣಪ್ಪ, ಮುಖಕ್ಕೆ ಎರಚ್ತದೆ" ಎಂದು. ಟ್ರ್ಯಾಕ್ಟರ್ ಇರುವ ಮನೆಯವರಿಗೆ ಅದು ಗೊತ್ತಿರುವ ಮಾತು. ಮೊಮ್ಮಗ ಬೈಕ್ ಹತ್ತಿ ಮೆಕ್ಯಾನಿಕ್ ಕರೆತರಲು ಹೋದ.

ಅವನು ಬರುವವರೆಗೆ ಅಜ್ಜಿ ನನ್ನನ್ನು ಏಣಿ ಹತ್ತಿಸಿ ಅಟ್ಟ ತೋರಿಸಿದರು. ಅಟ್ಟದ ತುಂಬ ಸಿಪ್ಪೆ ಸುಲಿಯದ ತೆಂಗಿನಕಾಯಿ. ತಿಪಟೂರಿನ ಉಂಡೆ ಕೊಬ್ಬರಿಗೆ ಬಿಸಿಲೂ ಬೇಡ, ಬೆಂಕಿಯೂ ಬೇಡ. ಹೆಚ್ಚುಕಡಿಮೆ ಒಂದು ವರ್ಷ ಹೀಗೆ ನೆರಳಲ್ಲಿ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಳ್ಳುತ್ತದೆ. ಅಜ್ಜಿ ಒಂದು ಕಾಯಿಯನ್ನು ನನ್ನ ಕಿವಿ ಹತ್ತಿರ ಅಲ್ಲಾಡಿಸಿದರು. ಒಳಗೆ ಗಟ್ಟಿ ಉಂಡೆ ಲೊಟಲೊಟ ಉರುಳಿತು. ಇನ್ನೊಂದನ್ನು ಅಲ್ಲಾಡಿಸಿದರೆ ನೀರಿನ ಸದ್ದು. "ಇದಕ್ಕಿನ್ನೂ ಟೈಮಿದೆ" ಎಂದು ಅದನ್ನು ಇದ್ದ ಜಾಗದಲ್ಲೇ ಇಟ್ಟರು. ಹೆದ್ದಾರಿಯಲ್ಲಿ ಎಷ್ಟೋ ಸಲ ಹಾದುಹೋದ ಸೀಮೆಯ ಬದುಕು ನನಗೆ ತಿಳಿದದ್ದು ಆ ಅಟ್ಟದ ಮೇಲೆ.

ಮೆಕ್ಯಾನಿಕ್ ಸೀಳಿದ್ದ ತುದಿಯನ್ನು ಕತ್ತರಿಸಿ, ಉಳಿದ ಪೈಪನ್ನು ಎಳೆದು ಕೂರಿಸಿ ಕ್ಲಿಪ್ ಬಿಗಿದ. ಅವನ ಮಾತಿನಂತೆ ಶಿವಮೊಗ್ಗದಲ್ಲಿ ಹೊಸ ಪೈಪ್ ಹಾಕಿಸಿಕೊಂಡೆವು. ಸಾಗರ ಮುಟ್ಟಿದಾಗ ರಾತ್ರಿಯಾಗಿತ್ತು. ಕಾದಿರಿಸಿದ್ದ ರೂಮನ್ನು ಮದುವೆ ಮನೆಯವರಿಗೆ ಕೊಟ್ಟುಬಿಟ್ಟಿದ್ದರು. ಬಸ್ ನಿಲ್ದಾಣದ ಹತ್ತಿರ ಸಿಕ್ಕ ಇನ್ನೊಂದು ಲಾಡ್ಜಿನಲ್ಲಿ ಮಲಗಿ, ಬೆಳಗ್ಗೆ ಇಕ್ಕೇರಿಗೆ ಹೋದೆವು.

ಕೆಳದಿ ಅರಸರ ಎರಡನೆಯ ರಾಜಧಾನಿ ಇಕ್ಕೇರಿ. ಈಗ ಅಲ್ಲಿ ಆ ವೈಭವವನ್ನು ಹೇಳಲು ಉಳಿದಿರುವುದು ಅಘೋರೇಶ್ವರ ದೇವಾಲಯ. ಎತ್ತರದ ಕಲ್ಲುಗೋಡೆ, ಎದುರಿಗೆ ಮಂಟಪದಲ್ಲಿ ದೊಡ್ಡ ನಂದಿ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ನೆಲ. ಗರ್ಭಗುಡಿಯ ಮುಂದಿನ ಹಾಸುಗಲ್ಲಿನಲ್ಲಿ ದೇವರಿಗೆ ನಮಸ್ಕರಿಸುತ್ತಿರುವ ಮೂವರು ನಾಯಕರ ಆಕೃತಿಗಳಿವೆ. ಆಳಿದವರು ಬರುವವರ ಕಾಲಡಿಯಲ್ಲಿ ತಮ್ಮನ್ನು ಕೆತ್ತಿಸಿಕೊಂಡಿದ್ದಾರೆ! ಇಬ್ಬರೂ ಬದಿಗೆ ಸರಿದು ನಡೆದೆವು.

ಹೊಳೆಬಾಗಿಲಿಗೆ ಬಂದರೆ ಕಾರಿಗೆ ದಾರಿ ಇರಲಿಲ್ಲ. ಬೇಸಿಗೆಯ ಕೊನೆಗೆ ಶರಾವತಿಯ ಲಿಂಗನಮಕ್ಕಿ ಜಲಾಶಯದ ನೀರು ತಳಕ್ಕಿಳಿದರೆ ಲಾಂಚ್ ದಡಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ; ಆಗ ಜನರನ್ನು ಮಾತ್ರ ದಾಟಿಸುತ್ತಿದ್ದರು. ಮುಂಗಾರು ಹನಿದ ಮಾತ್ರಕ್ಕೆ ಅಷ್ಟು ದೊಡ್ಡ ಜಲಾಶಯ ತುಂಬುವುದಿಲ್ಲವಲ್ಲ. ಕಾರನ್ನು ದಡದಲ್ಲೇ ಬಿಟ್ಟು ಹತ್ತಿದೆವು. ನೀರು ಇಳಿದಲ್ಲೆಲ್ಲ ಕಪ್ಪು ಮರದ ಬೊಡ್ಡೆಗಳು ತಲೆ ಎತ್ತಿದ್ದವು. 1964ರಲ್ಲಿ ಅಣೆಕಟ್ಟೆ ಎದ್ದಾಗ ಮುಳುಗಿದ ಕಾಡು ಅದು. ಅವುಗಳಾಚೆ ಹೊಸ ಸೇತುವೆಯ ಕಂಬಗಳು.

ಸಿಗಂದೂರು ಚೌಡೇಶ್ವರಿಯ ದರ್ಶನ ಮಾಡಿ ಕಳಸವಳ್ಳಿ ದಡಕ್ಕೆ ಮರಳುವಷ್ಟರಲ್ಲಿ ಗಾಳಿ ಎದ್ದಿತು. ಹಿನ್ನೀರಿನ ಮೇಲೆ ಅಲೆ, ಅಡ್ಡಮಳೆ. ಲಾಂಚ್ ಆಚೆ ದಡದಲ್ಲೇ ನಿಂತಿತು. ಕತ್ತಲಾಗುತ್ತಿದ್ದಂತೆ ಪೇಟೆಯ ಚೀಲ ಹೊತ್ತು ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ನನ್ನ ಒದ್ದೆ ಸೆರಗು ನೋಡಿ, "ಇನ್ನು ಇವತ್ತು ಬಿಡೂದಿಲ್ಲ ಮಾರಾಯ್ರೆ. ನಮ್ಮನೆಗೆ ಬನ್ನಿ, ಬೆಳಿಗ್ಗೆ ನೋಡನ" ಎಂದರು. ಊರು ಯಾವುದು, ಜನ ಯಾರು ಎಂದು ಒಂದು ಮಾತು ಕೇಳಲಿಲ್ಲ.

ಕರೆಂಟ್ ಹೋಗಿತ್ತು. ಬಚ್ಚಲ ಹಂಡೆಯಲ್ಲಿ ಬಿಸಿನೀರು, ಬಿಸಿ ಅನ್ನಕ್ಕೆ ಸಾರು, ಮಾವಿನಮಿಡಿ ಉಪ್ಪಿನಕಾಯಿ. ಚಿಮಣಿ ದೀಪದ ಬೆಳಕಿನಲ್ಲಿ ಗೋಡೆಯ ಮೇಲೆ ತೂಗುಹಾಕಿದ್ದ ಬುಟ್ಟಿಯೊಂದು ಕಣ್ಣಿಗೆ ಬಿತ್ತು. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆಗಳು. ದೀವರು ಸಮುದಾಯದ ಮನೆಗಳ ಭೂಮಣ್ಣಿ ಬುಟ್ಟಿ. ಭೂಮಿ ಹುಣ್ಣಿಮೆಯ ನಸುಕಿನಲ್ಲಿ ಇದರಲ್ಲೇ ಎಡೆ ಹೊತ್ತು ಗದ್ದೆಗೆ ಹೋಗುತ್ತಾರೆ. ಫಲ ಹೊತ್ತ ಭೂಮಿಗೆ ಬಯಕೆ ಊಟ. ಮನೆಯಾಕೆ ಪುಂಡಿ ನಾರಿನ ಕುಂಚ ತಂದು ತೋರಿಸಿದರು. ಕೂದಲೆಳೆಯಷ್ಟು ಸಣ್ಣ ಗೆರೆ ಒಂದರ ಪಕ್ಕ ಒಂದು, ಎಲ್ಲೂ ಕೂಡಿಕೊಂಡಿಲ್ಲ. "ಉಸಿರು ಹಿಡಿದು ಎಳಿಬೇಕು" ಎಂದರು.

ಅವರ ಮಾವನವರು ಮುಳುಗಡೆಯ ಮಾತು ತೆಗೆದರು. ಲಿಂಗನಮಕ್ಕಿಗೂ ಮೊದಲು, 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟೆ ಬಂದಾಗ ಅವರ ಹಿರಿಯರು ಒಂದು ಸಲ ಮನೆ ಬಿಟ್ಟು ಎದ್ದಿದ್ದರಂತೆ. ಲಿಂಗನಮಕ್ಕಿ ಆ ಅಣೆಕಟ್ಟೆಯನ್ನೇ ನುಂಗಿತು. ಮತ್ತೊಮ್ಮೆ ಗಂಟುಮೂಟೆ ಕಟ್ಟಿದರು. ಇದೇ ನೀರಿನಿಂದ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು 1035 ಮೆಗಾವಾಟ್ ಉತ್ಪಾದಿಸಬಲ್ಲವು. ಆದರೆ ಅವರ ಹಟ್ಟಿಗೆ ಕರೆಂಟ್ ಕಂಬ ಬಂದದ್ದು ಎಷ್ಟೋ ವರ್ಷದ ಮೇಲೆ. "ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದ್ರೆ, ಹಾವು ಕಚ್ಚಿದ್ರೆ, ಹೊಸನಗರದ ಮೇಲೆ ಸುತ್ತಿ ಸಾಗರಕ್ಕೆ ಹೋಗಬೇಕು. ನಿಮಗೆ ಒಂದು ರಾತ್ರಿ ತಾಪತ್ರಯ ಆತು. ನಮಗೆ ಹುಟ್ಟಿದಲ್ಲಿಂದ ಇದೇ" ಎಂದರು. ಅದರಲ್ಲಿ ದೂರು ಇರಲಿಲ್ಲ. ನಮ್ಮನ್ನು ಸಮಾಧಾನ ಮಾಡಲು ಹೇಳಿದ ಮಾತು. ನನ್ನ ಗಂಟಲು ಕಟ್ಟಿತು.

ಬೆಳಗ್ಗೆ ಗಾಳಿ ನಿಂತಿತ್ತು. ನಾಗೋಡಿ ಕಡೆ ಮರ ಬಿದ್ದು ರಸ್ತೆ ಬಂದ್ ಆಗಿದೆಯೆಂದು ಸುದ್ದಿ ಬಂತು. ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ. "ಮರವಂತೆ ಎಲ್ಲಿ ಹೋಗುತ್ತೆ, ಬಿಡು" ಎಂದರು. ಊರಿಗೆ ಮರಳುವ ದಾರಿಯುದ್ದಕ್ಕೂ ಆ ಮನೆಯದೇ ಮಾತು. ರಜೆಯೆಂದರೆ ಕೆಲಸದ ಗದ್ದಲವಿಲ್ಲದೆ ಇಬ್ಬರೂ ಒಂದೇ ವಿಷಯವನ್ನು ಮನಸ್ಸಿಟ್ಟು ಮಾತಾಡುವುದು ಎನ್ನುವುದಾದರೆ, ಅಂಥ ರಜೆ ನಮಗೆ ಅದಕ್ಕೆ ಮೊದಲು ಸಿಕ್ಕಿರಲಿಲ್ಲ.

ಅಂದು ನಾವು ಕಂಬಗಳನ್ನಷ್ಟೇ ಕಂಡಿದ್ದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆ ಈಗ ಪ್ರವಾಸಿಗರನ್ನು ಕೈಬೀಸಿ ಕರೆಯುತ್ತಿದೆ. ಹೋಗಬೇಕು, ನಾವೂ ಹೋಗುತ್ತೇವೆ. ಆದರೆ ಅದು ಸಿಗಂದೂರಿಗೆ ಬೇಗ ತಲುಪುವ ದಾರಿ ಎಂಬುದಕ್ಕಿಂತ ಮೊದಲು, ನಾಡಿನ ದೀಪಕ್ಕಾಗಿ ಮನೆ-ಗದ್ದೆ ಬಿಟ್ಟುಕೊಟ್ಟವರಿಗೆ ಅರವತ್ತು ವರ್ಷಗಳ ಮೇಲೆ ಸಂದ ಬಾಕಿ. ಅರ್ಧರಾತ್ರಿ ನೋವು ತಿನ್ನುವ ಬಸುರಿಯೊಬ್ಬಳು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದರೆ ಆ ಸೇತುವೆ ಸಾರ್ಥಕ. ಅದರ ಮೇಲೆ ಕಾರು ಓಡಿಸುವ ನಮ್ಮಂಥವರು ಇಷ್ಟನ್ನು ತಿಳಿದು ದಾಟಬೇಕು.