ಗೊತ್ತಿಲ್ಲ ಎಂದು ಹೇಳಬಲ್ಲ ಗಗನ್

ಮುಂಬೈಯ ಗಲ್ಲಿಯೊಂದರಲ್ಲಿ ಫೋನಿನ ನಕ್ಷೆ ನಮ್ಮನ್ನು ಪಕ್ಕದ ರಸ್ತೆಯಲ್ಲಿ ತೋರಿಸಿದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಆಟೋದವನು ಗೊಣಗುತ್ತಾನೆ, ಎರಡು ನಿಮಿಷ ತಡವಾಗುತ್ತದೆ, ಅಷ್ಟೆ. ಮೋಡದೊಳಗೆ ಇಳಿಯುತ್ತಿರುವ ವಿಮಾನಕ್ಕೆ ಅಷ್ಟೇ ತಪ್ಪು ಎತ್ತರದ ಲೆಕ್ಕದಲ್ಲಿ ಬಂದರೆ ಕಥೆ ಬೇರೆ. ಕೆಳಗೆ ರನ್‌ವೇ ಇದೆಯೋ ಗುಡ್ಡ ಇದೆಯೋ ಪೈಲಟ್‌ಗೆ ಕಾಣುತ್ತಿರುವುದಿಲ್ಲ.

ಉಪಗ್ರಹ ನಂಬಿ ವಿಮಾನ ಇಳಿಸಲು ಇಸ್ರೊ ಮತ್ತು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ಸೇರಿ ಕಟ್ಟಿದ ವ್ಯವಸ್ಥೆಯ ಹೆಸರು ಗಗನ್. ಜಮ್ಮು, ಜೈಸಲ್ಮೇರ್, ದಿಬ್ರುಗಢ, ಪೋರ್ಟ್ ಬ್ಲೇರ್, ತಿರುವನಂತಪುರ ಸೇರಿದಂತೆ 15 ಕಡೆ ಅದರ ಜಿಪಿಎಸ್ ರಿಸೀವರುಗಳಿವೆ. ಅವು ಇರುವ ಜಾಗವನ್ನು ಮೊದಲೇ ಕರಾರುವಾಕ್ಕಾಗಿ ಅಳೆದಿರುವುದರಿಂದ ಜಿಪಿಎಸ್ ಎಷ್ಟು ತಪ್ಪುತ್ತಿದೆ ಎಂಬುದು ಕೂಡಲೇ ಸಿಕ್ಕಿಬೀಳುತ್ತದೆ. ಆ ಲೆಕ್ಕ ಬೆಂಗಳೂರಿನ ಕುಂದಲಹಳ್ಳಿಯ ಕೇಂದ್ರಕ್ಕೆ ಹೋಗಿ, ತಿದ್ದುಪಡಿಯಾಗಿ, ಭೂಸ್ಥಿರ ಉಪಗ್ರಹದ ಮೂಲಕ ವಿಮಾನ ತಲುಪುತ್ತದೆ.

ಅಮೆರಿಕದಲ್ಲಿ ಇಂಥದೇ ವ್ಯವಸ್ಥೆ 2003ರಲ್ಲೇ ಬಳಕೆಗೆ ಬಂದಿತ್ತು. ಅದನ್ನು ಹಾಗೇ ತಂದು ಇಲ್ಲಿ ಕೂರಿಸಲು ನಮ್ಮ ಆಕಾಶ ಬಿಡಲಿಲ್ಲ. ಭೂಮಿಯ ಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯ ಬಳಿ ಹಾದುಹೋಗುತ್ತದೆ. ಹಾಗಾಗಿ ನಮ್ಮ ಮೇಲಿನ ಅಯಾನುಗೋಳದಲ್ಲಿ ಏರಿಳಿತ ಹೆಚ್ಚು. ಸೂರ್ಯ ಮುಳುಗಿದ ಮೇಲೆ, ಅದರಲ್ಲೂ ಮಾರ್ಚ್ ಮತ್ತು ಸೆಪ್ಟೆಂಬರಿನ ಆಸುಪಾಸಿನಲ್ಲಿ, ಅಲ್ಲಿ ಗುಳ್ಳೆಗಳಂತೆ ತೆರವುಗಳೆದ್ದು ಸಂಕೇತ ನಡುಗುತ್ತದೆ. ಇಸ್ರೊ ತನ್ನದೇ ಗಣಿತ ಮಾದರಿ ಮಾಡಿಕೊಳ್ಳಬೇಕಾಯಿತು.

ಇಂಥ ವ್ಯವಸ್ಥೆಯನ್ನು ಪರೀಕ್ಷಿಸುವಾಗ ಎಷ್ಟು ಸರಿಯಾಗಿ ಹೇಳುತ್ತದೆ ಎಂಬುದಕ್ಕಿಂತ ಕಠಿಣವಾದ ಪ್ರಶ್ನೆ ಒಂದಿದೆ: ತಪ್ಪಿದಾಗ ಒಪ್ಪಿಕೊಳ್ಳುತ್ತದೆಯೇ? ಗಗನ್ ಪಾಲಿಸಬೇಕಾದ ಅಂತರರಾಷ್ಟ್ರೀಯ ಮಾನದಂಡದಂತೆ, ಎತ್ತರದ ತಪ್ಪು 50 ಮೀಟರ್ ಮೀರಿದರೆ 10 ಸೆಕೆಂಡಿನೊಳಗೆ ಎಚ್ಚರಿಕೆ ಬರಬೇಕು. ಎಚ್ಚರಿಕೆಯಿಲ್ಲದೆ ದಾರಿ ತಪ್ಪಿಸುವುದು ಒಂದು ಕೋಟಿ ಇಳಿತಗಳಲ್ಲಿ ಎರಡು ಸಲಕ್ಕಿಂತ ಹೆಚ್ಚಾಗಕೂಡದು.

ಕೋಟಿ ಸಲ ವಿಮಾನ ಇಳಿಸಿ ನೋಡುವುದು ಯಾರಿಂದಲೂ ಆಗದು. ಆದ್ದರಿಂದ ಪರೀಕ್ಷಕರು ಹಗಲು ರಾತ್ರಿಯ ಅಳತೆಗಳನ್ನು ಕೂಡಿಹಾಕಿ, ರಿಸೀವರ್ 'ನನ್ನ ತಪ್ಪು ಇಷ್ಟರೊಳಗೇ ಇದೆ' ಎಂದು ಹಾಕಿಕೊಂಡ ಗಡಿಯನ್ನು ನಿಜವಾದ ತಪ್ಪಿನೊಂದಿಗೆ ಹೋಲಿಸುತ್ತಾರೆ. ತಪ್ಪು ಒಮ್ಮೆ ಗಡಿ ದಾಟಿದರೂ ಅದಕ್ಕೆ ಕಾರಣ ಹುಡುಕಬೇಕು. ಗಡಿಯನ್ನು ಸುಮ್ಮನೆ ದೊಡ್ಡದು ಮಾಡಿದರೂ ಆಗದು. ಮಾತೆತ್ತಿದರೆ 'ಗೊತ್ತಿಲ್ಲ' ಎನ್ನುವ ವ್ಯವಸ್ಥೆಯಿಂದ ಯಾವ ವಿಮಾನವೂ ಇಳಿಯದು.

ಹಾದಿ ಸಲೀಸಾಗಿರಲಿಲ್ಲ. 2010ರ ಏಪ್ರಿಲ್ 15ರಂದು ಜಿಎಸ್‌ಎಲ್‌ವಿ ವಿಫಲವಾದಾಗ ಗಗನ್ ಉಪಕರಣ ಹೊತ್ತಿದ್ದ ಜಿಸ್ಯಾಟ್-4 ಸಮುದ್ರದ ಪಾಲಾಯಿತು. ಮರುವರ್ಷ ಜಿಸ್ಯಾಟ್-8 ಆ ಕೆಲಸ ವಹಿಸಿಕೊಂಡಿತು. 2013ರ ಕೊನೆಯಲ್ಲಿ ಮೊದಲ ಪ್ರಮಾಣಪತ್ರ ಸಿಕ್ಕಿತು. ಎತ್ತರದ ಮಾರ್ಗದರ್ಶನದೊಂದಿಗೆ ಇಳಿಯಲು ಅನುಮತಿ ಬಂದದ್ದು 2015ರ ಏಪ್ರಿಲ್‌ನಲ್ಲಿ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋದ ಎಟಿಆರ್ ವಿಮಾನ ಗಗನ್ ನೆರವಿನಿಂದ ಇಳಿಯಿತು. ರನ್‌ವೇ ಪಕ್ಕದಲ್ಲಿ ದುಬಾರಿ ಐಎಲ್‌ಎಸ್ ಉಪಕರಣ ಇಡಲಾಗದ ಸಣ್ಣ ನಿಲ್ದಾಣಗಳಿಗೆ ಇದು ದೊಡ್ಡ ಆಸರೆ.

ಇನ್ನೇನು ಇಳಿಯಿತು ಎನ್ನುವಾಗ ಎಚ್ಚರಿಕೆ ಬಂದು ಪೈಲಟ್ ವಿಮಾನವನ್ನು ಮತ್ತೆ ಮೇಲೆತ್ತಿದರೆ ಒಳಗಿದ್ದವರು ಬೇಸರಪಡುತ್ತಾರೆ, ಊರಿನಲ್ಲಿ ಕಾಯುವವರಿಗೆ ತಡವೆಂದು ಸಂದೇಶ ಕಳಿಸುತ್ತಾರೆ. ಇಷ್ಟು ವರ್ಷಗಳ ಪರೀಕ್ಷೆ ಕೆಲಸಕ್ಕೆ ಬರುವುದು ಆ ತಡದಲ್ಲೇ.