ನಗೆಯ ಠಾಣೆಗೆ ಬೀಗ

ಅಳಿಸುವುದು ಸುಲಭ, ನಗಿಸುವುದು ಕಷ್ಟ ಎಂದು ನಾಟಕದವರು ಹೇಳುವುದುಂಟು. ಅದಕ್ಕಿಂತಲೂ ಕಷ್ಟವಾದುದು ಇನ್ನೊಂದಿದೆ. ನಗಿಸುವುದನ್ನು ಎಲ್ಲಿ ನಿಲ್ಲಿಸಬೇಕೆಂದು ಅರಿಯುವುದು. ಸಭೆ ಇನ್ನೂ ನಗುತ್ತಿರುವಾಗಲೇ ವೇಷ ಕಳಚಿ ಹೊರಡುವ ಹಾಸ್ಯಗಾರರು ವಿರಳ. ಅಮೆರಿಕೆಯ ‘ಬ್ರೂಕ್ಲಿನ್ ನೈನ್-ನೈನ್’ ಎಂಬ ದೂರದರ್ಶನ ಧಾರಾವಾಹಿ ೨೦೨೧ರಲ್ಲಿ ಹಾಗೆ ವೇಷ ಕಳಚಿತು. ಅದರ ಎಂಟನೆಯ ಹಾಗೂ ಕಡೆಯ ಮಾಲೆ ಹಾಸ್ಯಕ್ಕೆ ಒದಗಿದ ಧರ್ಮಸಂಕಟದ ಕಥೆಯೂ ಹೌದು.

ಡ್ಯಾನ್ ಗೋರ್ ಮತ್ತು ಮೈಕೆಲ್ ಷೂರ್ ಎಂಬವರು ರಚಿಸಿದ ಈ ಧಾರಾವಾಹಿ ೨೦೧೩ರ ಸೆಪ್ಟೆಂಬರಿನಲ್ಲಿ ಫಾಕ್ಸ್ ವಾಹಿನಿಯಲ್ಲಿ ಮೊದಲಾಯಿತು. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ತೊಂಬತ್ತೊಂಬತ್ತನೆಯ ಪೋಲೀಸು ಠಾಣೆ ಎಂಬುದೊಂದು ಇದೆಯೆಂದು ಕಲ್ಪನೆ. ಅಲ್ಲಿ ಕೊಲೆ, ಕಳವು, ಮೋಸಗಳಿಗೆ ಕೊರತೆಯಿಲ್ಲ. ಆದರೆ ಕಥೆಯ ಜೀವಾಳವಿರುವುದು ಪೋಲೀಸರ ಹುಚ್ಚಾಟಗಳಲ್ಲಿ. ಪತ್ತೇದಾರ ಜೇಕ್ ಪೆರಾಲ್ಟಾ ಬುದ್ಧಿಯಲ್ಲಿ ಚುರುಕು, ನಡತೆಯಲ್ಲಿ ಎಳೆಯ ಹುಡುಗ. ಠಾಣಾಧಿಕಾರಿ ರೇಮಂಡ್ ಹೋಲ್ಟ್ ಅದಕ್ಕೆ ತೀರ ವಿರುದ್ಧ. ಹರ್ಷವಾಗಲಿ ದುಃಖವಾಗಲಿ ಆತನ ಮುಖದಲ್ಲಿ ಒಂದು ಗೆರೆಯೂ ಅಲುಗದು. ಹಿಚ್‌ಕಾಕ್ ಮತ್ತು ಸ್ಕಲ್ಲಿ ಎಂಬ ಮುದಿ ಪತ್ತೇದಾರರಿಬ್ಬರಿಗೆ ತಿಂಡಿಯ ತಟ್ಟೆ ಬಿಟ್ಟು ಏಳುವುದೇ ಒಂದು ಸಾಹಸ. ಪ್ರತಿ ವರ್ಷ ಅಕ್ಟೋಬರ್ ೩೧ರ ಹ್ಯಾಲೋವೀನ್ ಹಬ್ಬಕ್ಕೆ ಇಡೀ ಠಾಣೆಯೇ ಕಳ್ಳರಾಟಕ್ಕೆ ಇಳಿಯುತ್ತದೆ. ಮೊದಲ ವರ್ಷ ಹೋಲ್ಟನ ಶೌರ್ಯಪದಕವನ್ನು ನಡುರಾತ್ರಿಯೊಳಗಾಗಿ ಕದಿಯುವೆನೆಂದು ಜೇಕ್ ಕಟ್ಟಿದ ಪಂಥ ಮುಂದೆ ವಾರ್ಷಿಕ ಉತ್ಸವವೇ ಆಯಿತು.

೨೦೧೪ರಲ್ಲಿ ಇದಕ್ಕೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂದಿತು. ೨೦೧೮ರ ಮೇ ತಿಂಗಳಿನಲ್ಲಿ ಫಾಕ್ಸ್ ವಾಹಿನಿ ಇದನ್ನು ನಿಲ್ಲಿಸುವುದಾಗಿ ಸಾರಿದಾಗ ಅಭಿಮಾನಿಗಳ ಕೂಗು ಮುಗಿಲು ಮುಟ್ಟಿತು. ಮರುದಿನವೇ ಎನ್‌ಬಿಸಿ ವಾಹಿನಿ ಅದನ್ನು ಕೈಹಿಡಿಯಿತು. ಇಷ್ಟು ಪ್ರೀತಿಗೆ ಕಾರಣ ನಗೆಯೊಂದೇ ಅಲ್ಲ. ಹೋಲ್ಟ್ ಕರಿಯ ವರ್ಣದವನು, ಸಲಿಂಗಪ್ರೇಮಿ. ಆ ಕಾರಣಕ್ಕಾಗಿಯೇ ಠಾಣೆಯ ಅಧಿಕಾರ ದೊರೆಯಲು ಬಹುಕಾಲ ಕಾದವನು. ಅವನನ್ನು ಯಾರೂ ಹಾಸ್ಯದ ವಸ್ತುವಾಗಿಸಲಿಲ್ಲ. ಅವನ ಘನತೆಗೆ ಕುಂದು ತಾರದೆಯೇ ನಗೆ ಹುಟ್ಟಿತು.

ಆದರೆ ಈ ನಗೆಯ ಅಡಿಯಲ್ಲಿ ಒಂದು ಸವಿಯಾದ ಸುಳ್ಳು ಅಡಗಿತ್ತು. ಈ ಠಾಣೆಯ ಪೋಲೀಸರು ಎಡವುವರು, ಪೆದ್ದುತನ ಮಾಡುವರು. ಕ್ರೂರರು ಮಾತ್ರ ಎಂದೂ ಆಗರು. ೨೦೧೭ರ ಒಂದು ಕಂತಿನಲ್ಲಿ ಮಾತ್ರ ಆ ಪರದೆ ಸರಿದಿತ್ತು. ಕರಿಯ ವರ್ಣದ ಸಾರ್ಜೆಂಟ್ ಟೆರಿ ತನ್ನ ಮಗಳ ಕಳೆದ ಹೊದಿಕೆಯನ್ನು ಹುಡುಕುತ್ತ ರಾತ್ರಿ ತನ್ನ ಬೀದಿಯಲ್ಲಿಯೇ ಅಡ್ಡಾಡುತ್ತಿರುವಾಗ, ಬಿಳಿಯ ಪೋಲೀಸನೊಬ್ಬ ಅವನನ್ನು ಅಪರಾಧಿಯಂತೆ ತಡೆಯುತ್ತಾನೆ. ಇವನೂ ಪೋಲೀಸಿನವನೆಂದು ತಿಳಿಯದೆ ಹೋದುದಕ್ಕಷ್ಟೇ ಆತನಿಗೆ ಪಶ್ಚಾತ್ತಾಪ, ತಡೆದುದಕ್ಕಲ್ಲ. ಅಂದಿನ ಆ ನೋವು ಅಂದಿಗೇ ಮುಗಿದು, ಮುಂದಿನ ವಾರ ನಗೆ ಮತ್ತೆ ಹರಿಯಿತು.

೨೦೨೦ರ ಮೇ ೨೫ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ವರ್ಣದ ಮನುಷ್ಯನ ಕೊರಳ ಮೇಲೆ ಪೋಲೀಸನೊಬ್ಬ ಒಂಬತ್ತು ನಿಮಿಷಕ್ಕೂ ಮಿಗಿಲಾಗಿ ಮೊಣಕಾಲೂರಿ ಕೊಂದನು. ಜಗತ್ತು ಅದನ್ನು ಕಣ್ಣಾರೆ ಕಂಡಿತು. ಊರೂರಿನ ಬೀದಿಗಳಲ್ಲಿ ಜನ ನೆರೆದರು. ಆ ವೇಳೆಗೆ ಎಂಟನೆಯ ಮಾಲೆಗಾಗಿ ನಾಲ್ಕು ಕಂತುಗಳು ಬರೆದು ಸಿದ್ಧವಾಗಿದ್ದುವು. ಅವೆಲ್ಲವನ್ನೂ ಕಸದ ಬುಟ್ಟಿಗೆ ಹಾಕಿ ಮೊದಲಿನಿಂದ ಆರಂಭಿಸಬೇಕಾಯಿತೆಂದು ಸಾರ್ಜೆಂಟನ ಪಾತ್ರಧಾರಿ ಟೆರಿ ಕ್ರೂಸ್ ತಿಳಿಸಿದರು. ಪೋಲೀಸು ಉಡುಪು ಕಂಡೊಡನೆ ಎದೆ ನಡುಗುವ ನೋಡುಗನ ಮುಂದೆ ಅದೇ ಉಡುಪು ತೊಟ್ಟು ಕುಣಿಯುವುದು ಹೇಗೆ? ಇದು ಬರಹಗಾರರ ಮುಂದಿದ್ದ ಪ್ರಶ್ನೆ.

ಕಡೆಯ ಮಾಲೆಯ ಹತ್ತು ಕಂತುಗಳು ೨೦೨೧ರ ಆಗಸ್ಟ್ ೧೨ರಿಂದ ಸೆಪ್ಟೆಂಬರ್ ೧೬ರವರೆಗೆ ಪ್ರಸಾರವಾದುವು. ಮೊದಲ ಕಂತಿನಲ್ಲಿಯೇ ರೋಸಾ ಡಯಾಜ್ ಎಂಬ ನೆಚ್ಚಿನ ಪತ್ತೇದಾರಿಣಿ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಪೋಲೀಸರಿಂದ ನೊಂದವರ ಪರವಾಗಿ ಖಾಸಗಿ ಪತ್ತೇದಾರಿಕೆಗೆ ತೊಡಗಿರುತ್ತಾಳೆ. ಜೇಕ್ ಅವಳಿಗೆ ನೆರವಾಗಲು ಹೋಗುತ್ತಾನೆ. ಆದರೆ ಆ ನೆರವಿನಲ್ಲಿ ‘ನಾನು ಒಳ್ಳೆಯವರ ಸಾಲಿನವನು’ ಎಂದು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವ ಆಸೆಯೂ ಬೆರೆತಿರುತ್ತದೆ. ರೋಸಾ ಅದನ್ನು ಬಚ್ಚಿಡದೆ ಹೇಳಿಬಿಡುತ್ತಾಳೆ. ನೊಂದ ಹೆಂಗಸಿನ ಮೇಲಿನ ಆರೋಪವೇನೋ ಬಿದ್ದುಹೋಗುತ್ತದೆ. ತಪ್ಪಿತಸ್ಥ ಪೋಲೀಸರಿಗೆ ಶಿಕ್ಷೆ ಮಾತ್ರ ಆಗುವುದಿಲ್ಲ. ಮುಂದೆ ಸ್ವತಃ ಜೇಕನೇ ನಿರಪರಾಧಿಯೊಬ್ಬನನ್ನು ಬಂಧಿಸುತ್ತಾನೆ. ಪೋಲೀಸು ಸಂಘದ ಮುಖಂಡ ತಪ್ಪನ್ನು ಮುಚ್ಚಿಹಾಕಲು ಸಿದ್ಧನಿದ್ದರೂ ಅದನ್ನೊಲ್ಲದೆ ಅಮಾನತನ್ನು ಒಪ್ಪಿಕೊಳ್ಳುತ್ತಾನೆ. ಏಳು ಮಾಲೆಗಳ ಕಾಲ ಎಲ್ಲವನ್ನೂ ಆಟವೆಂದು ಬಗೆದವನು ತನ್ನ ಆಟದಿಂದ ಇನ್ನೊಬ್ಬನ ಬಾಳಿಗೆ ಪೆಟ್ಟು ಬೀಳುವುದನ್ನು ಕಾಣುತ್ತಾನೆ.

ಈ ಮಾಲೆ ಎಲ್ಲೆಡೆಯೂ ಸಫಲವಾಯಿತೆನ್ನಲಾಗದು. ಗಂಭೀರ ಮಾತು ಒಂದು ಕಡೆ, ಹುಚ್ಚಾಟ ಇನ್ನೊಂದು ಕಡೆಯಾಗಿ, ಎಣ್ಣೆ ನೀರು ಬೆರೆಯದಂತೆ ನಿಂತ ಸ್ಥಳಗಳುಂಟು. ಉಪದೇಶ ಹೆಚ್ಚಾಯಿತೆಂದು ಕೆಲವರು, ಸಾಲದಾಯಿತೆಂದು ಕೆಲವರು ಗೊಣಗಿದರೆ ಆಶ್ಚರ್ಯವಿಲ್ಲ. ಆದರೂ ಆ ಒಡಕಿನಲ್ಲಿಯೇ ಒಂದು ಪ್ರಾಮಾಣಿಕತೆಯಿದೆ. ಏನೂ ನಡೆದಿಲ್ಲವೆಂಬಂತೆ ಹಳೆಯ ದಾರಿಯಲ್ಲಿಯೇ ಸಾಗುವುದು ಅವರಿಗೆ ಸುಲಭವಾಗಿತ್ತು. ಜನ ನಗುತ್ತಲೂ ಇದ್ದರು. ಆ ಸುಲಭವನ್ನು ಅವರು ಬಿಟ್ಟುಕೊಟ್ಟರು.

ಮುಕ್ತಾಯದಲ್ಲಿ ಪಟಾಕಿಯ ಅಬ್ಬರವಿಲ್ಲ. ಹೋಲ್ಟನೂ ಜೇಕನ ಪತ್ನಿ ಏಮಿಯೂ ಇಲಾಖೆಯ ಸುಧಾರಣೆಯ ಕಾರ್ಯಕ್ಕೆ ಏರುತ್ತಾರೆ. ಠಾಣೆ ಟೆರಿಯ ಕೈಗೆ ಬರುತ್ತದೆ. ಜೇಕ್ ಮಾತ್ರ ಮೇಲೇರುವುದಿಲ್ಲ. ಹೆಂಡತಿಯ ಕೆಲಸಕ್ಕೆ ಅಡ್ಡಿಯಾಗಬಾರದೆಂದು, ತನ್ನ ಬಾಲ್ಯದಲ್ಲಿ ತಂದೆ ಬಳಿಯಲ್ಲಿರದ ಕೊರತೆ ಮಗ ಮ್ಯಾಕ್‌ಗೆ ಬಾರದಿರಲೆಂದು, ಪ್ರಾಣಕ್ಕೆ ಸಮನಾದ ವೃತ್ತಿಯನ್ನು ಬಿಟ್ಟು ಮನೆಯಲ್ಲಿ ಮಗುವನ್ನು ಸಾಕಲು ನಿಲ್ಲುತ್ತಾನೆ. ಗಂಡಸರು ಹೊರಗೆ, ಹೆಂಗಸರು ಒಳಗೆ ಎಂಬ ರೂಢಿ ಇನ್ನೂ ಅಳಿಯದ ಲೋಕದಲ್ಲಿ, ಈ ನಿರ್ಧಾರವನ್ನು ಸೋಲೆಂದು ತೋರಿಸದೆ ಬೆಳವಣಿಗೆಯೆಂದು ತೋರಿಸಿದುದು ಸಣ್ಣ ಮಾತಲ್ಲ. ಮರುವರ್ಷದ ಹ್ಯಾಲೋವೀನಿಗೆ ಅಗಲಿದವರೆಲ್ಲ ಅದೇ ಠಾಣೆಯಲ್ಲಿ ಮತ್ತೆ ಕಳ್ಳರಾಟಕ್ಕೆ ಕೂಡುತ್ತಾರೆ.

ಹೋಲ್ಟನ ಪಾತ್ರಕ್ಕೆ ಜೀವ ತುಂಬಿದ ಆಂಡ್ರೆ ಬ್ರಾವರ್ ೨೦೨೩ರ ಡಿಸೆಂಬರ್ ೧೧ರಂದು ತಮ್ಮ ೬೧ನೆಯ ವಯಸ್ಸಿನಲ್ಲಿ ತೀರಿಕೊಂಡರು. ಈಗ ಆ ಕಡೆಯ ಕಂತನ್ನು ನೋಡುವವರಿಗೆ ಆ ಬೀಳ್ಕೊಡುಗೆ ಇಮ್ಮಡಿಯಾಗಿ ತೋರುತ್ತದೆ. ಒಟ್ಟು ೧೫೩ ಕಂತುಗಳಲ್ಲಿ ಆ ಕಲ್ಲುಮುಖ ಲಕ್ಷಾಂತರ ಮನೆಗಳನ್ನು ನಗಿಸಿತು. ತಾನು ನಗಿಸಿದ ರೀತಿಯನ್ನೇ ಕಡೆಗಾಲದಲ್ಲಿ ವಿಚಾರಣೆಗೆ ನಿಲ್ಲಿಸಿದ ಹಾಸ್ಯವನ್ನು ಜನ ಈಗಲೂ ನೋಡಿ ನಗುತ್ತಾರೆ. ಹಳೆಯ ಕಂತುಗಳ ನಗೆ ಅದರಿಂದ ಬತ್ತಿಲ್ಲ. ನಕ್ಕ ಮೇಲೆ ಒಂದು ಗಳಿಗೆ ಸುಮ್ಮನೆ ಕುಳಿತಿರುವಂತೆ ಮಾತ್ರ ಮಾಡಿದೆ.